ಹರ್ಟ್ ಆತು ಅಂದರ, ಮಾಡಿದವರ‍್ಯಾರು?

ಬೆಳಗಾವಿಯ ಕಾಲೇಜು ಹುಡುಗರ ಮಾತಿನಲ್ಲಿ ‘ಹರ್ಟ್’ ಈಗ ಕನ್ನಡದ್ದೇ ಶಬ್ದ. ‘ಅಕಿ ಮಾತು ಕೇಳಿ ಭಾಳ ಹರ್ಟ್ ಆತಲೇ’ ಅನ್ನುತ್ತಾರೆ. ಬೈಕಿನಿಂದ ಬಿದ್ದು ಮೊಣಕಾಲು ತರಚಿಕೊಂಡವನು ಮಾತ್ರ ಹಾಗನ್ನುವುದಿಲ್ಲ, ‘ಪೆಟ್ಟಾತು’ ಅನ್ನುತ್ತಾನೆ. ಇಂಗ್ಲಿಷಿನವರಿಗೆ ಮೊಣಕಾಲಿಗೂ ಮನಸ್ಸಿಗೂ ಒಂದೇ ಹರ್ಟ್. ನಾವು ಮನಸ್ಸಿನ ಪಾಲನ್ನಷ್ಟೇ ಇಸಿದುಕೊಂಡೆವು. ಉಳಿದದ್ದಕ್ಕೆ ನಮ್ಮಲ್ಲಿ ಕೊರತೆ ಇರಲಿಲ್ಲ. ಮೈಗೆ ಪೆಟ್ಟು, ಗಾಯ, ಬ್ಯಾನಿ, ವ್ಯಾಪಾರಕ್ಕೆ ಲುಕ್ಸಾನ, ಬೆಳೆಗೆ ಹಾನಿ. ಭಾವನೆಗೂ ಧಕ್ಕೆ ಇತ್ತು.  

ಪೊಲೀಸ್ ಠಾಣೆಯ ಹರ್ಟ್ ತಿರುವುಮುರುವು. 1860ರ ದಂಡಸಂಹಿತೆಯ 319ನೆಯ ಕಲಮಿನ ಪ್ರಕಾರ ಮೈನೋವು, ರೋಗ, ನಿಶ್ಶಕ್ತಿ ಉಂಟುಮಾಡಿದರೆ ಅದು ಹರ್ಟ್ ಆಗಿತ್ತು. ಮನಸ್ಸು ನೊಂದರೆ ಅಷ್ಟಕ್ಕೇ ಈ ಕಲಮು ಹತ್ತುತ್ತಿರಲಿಲ್ಲ. ಹಲ್ಲು ಮುರಿದರೋ ಅದು ನೇರವಾಗಿ ‘ತೀವ್ರ ಸ್ವರೂಪದ ಗಾಯ’. ಇಪ್ಪತ್ತು ದಿನ ವಿಪರೀತ ನೋವು ಉಂಡರೆ, ಅಥವಾ ನಿತ್ಯದ ಕೆಲಸ ಮಾಡಲಾಗದೆ ಹೋದರೆ ಅದೂ ತೀವ್ರವೇ ಆಗಿತ್ತು. ಆ ದಂಡಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಈ ಇಪ್ಪತ್ತನ್ನು ಹದಿನೈದಕ್ಕೆ ಇಳಿಸಿದೆ. ಅಂತೂ ಒಂದೇ ಶಬ್ದ ಕಾಲೇಜಿನಲ್ಲಿ ಮನಸ್ಸನ್ನು, ಠಾಣೆಯಲ್ಲಿ ಮೈಯನ್ನು ಹಿಡಿದುಕೊಂಡಿದೆ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಶಬ್ದದ ಬಾಲ. ‘ನೋಯು’ ಎಂದರೆ ನೊಂದವನಷ್ಟೇ ಇದ್ದಾನೆ. ‘ಇಸು’ ಹಚ್ಚಿ ‘ನೋಯಿಸು’ ಎಂದ ಕೂಡಲೇ ಇನ್ನೊಬ್ಬ ಬಂದು ನಿಲ್ಲುತ್ತಾನೆ. ಇಂಗ್ಲಿಷಿನ ಹರ್ಟ್‌ಗೆ ಎರಡಕ್ಕೂ ಒಂದೇ ರೂಪ, ಭೂತಕಾಲದಲ್ಲೂ ಅದೇ. ನಮಗೆ ಎರಡನ್ನೂ ಬೇರೆ ಮಾಡಿ ಹೇಳುವ ಅನುಕೂಲವಿದೆ. ಆದರೂ ಕಷ್ಟದ ಮಾತು ಬಂದಾಗ ‘ಆಗು’ ಎಂಬುದರ ಹಿಂದೆ ಅಡಗಿಕೊಳ್ಳುತ್ತೇವೆ. ‘ಯಾರಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ’ ಎನ್ನುವ ರಾಜಕಾರಣಿ ತಾನು ನೋಯಿಸಿದೆ ಅನ್ನುವುದಿಲ್ಲ. ಅದು ಕ್ಷಮೆಯಲ್ಲ, ವ್ಯಾಕರಣ.

ಈ ‘ಆಗು’ವಿನ ದೊಡ್ಡ ಪ್ರಯೋಗ ನಡೆದಿರುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಚೋರ್ಲಾ ಘಟ್ಟ ಇಳಿದು ಗೋವಾಕ್ಕೆ ಹೋಗುವ ದಾರಿಯ ಊರು, ಮಲಪ್ರಭೆ ಹುಟ್ಟುವ ಜಾಗ. ಮನೆಮಾತು ಹೆಚ್ಚಾಗಿ ಮರಾಠಿ. ಬಿದ್ದ ಕೂಸಿಗೆ ‘ಲಾಗ್ಲಂ ಕಾ’ ಅನ್ನುತ್ತಾರೆ. ತಾಗಿತೇನು ಎಂದೇ ಅರ್ಥ. ಅಲ್ಲೂ ತಾಗಿಸಿದವನ ಸುದ್ದಿಯಿಲ್ಲ. ಪಕ್ಕದ ಕಳಸಾ ಹಳ್ಳ ಗೋವಾಕ್ಕೆ ಇಳಿಯುವ ಮಹದಾಯಿ ನದಿಯತ್ತ ಹರಿಯುತ್ತದೆ. ಅದನ್ನು ಮಲಪ್ರಭೆಗೆ ತಿರುಗಿಸಿ ನವಿಲುತೀರ್ಥದ ಜಲಾಶಯ ತುಂಬಿಸಿದರೆ ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಎಂಬುದು ಯೋಜನೆ. ಗೋವಾ ಅಂದಿತು: ನದಿಗೆ ಹಾನಿಯಾಗುತ್ತದೆ. ನರಗುಂದ, ನವಲಗುಂದದ ರೈತರು 2015ರಲ್ಲಿ ಬೀದಿಗಿಳಿದು ಅಂದರು: ನಮಗೆ ಅನ್ಯಾಯವಾಗಿದೆ. ಕಾಡು ಕಡಿಯುವುದು ಬೇಡವೆಂದ ಬೆಳಗಾವಿಯ ಪರಿಸರವಾದಿಗಳು ಅಂದರು: ಮಳೆಗೇ ಧಕ್ಕೆಯಾಗುತ್ತದೆ. ಎಲ್ಲ ಕಡೆಗೂ ‘ಆಗು’. ಕಾನೂನಿನ ಮಾತೂ ಹಾಗೇ. 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯ ಮೂರನೆಯ ಕಲಮು ಇನ್ನೊಂದು ರಾಜ್ಯದ ನಡೆಯಿಂದ ತನ್ನ ಹಿತಕ್ಕೆ ಬಾಧೆ ‘ಆಗಿದ್ದರೆ, ಆಗುವಂತಿದ್ದರೆ’ ರಾಜ್ಯ ದೂರು ತರಬಹುದು ಅನ್ನುತ್ತದೆ.

ಹಾನಿಯ ಮಾತನ್ನು ಅಳತೆಗೆ ಇಳಿಸಿದ್ದು ಮಹದಾಯಿ ಜಲವಿವಾದ ನ್ಯಾಯಮಂಡಳಿ. 2018ರ ಆಗಸ್ಟ್ 14ರ ತೀರ್ಪಿನಲ್ಲಿ ಕಳಸಾಕ್ಕೆ 1.72, ಇದೇ ಯೋಜನೆಯ ಇನ್ನೊಂದು ಹಳ್ಳ ಬಂಡೂರಿಗೆ 2.18 ಟಿಎಂಸಿ. 2020ರ ಫೆಬ್ರವರಿಯಲ್ಲಿ ತೀರ್ಪು ರಾಜ್ಯಪತ್ರದಲ್ಲಿ ಬಂದರೂ ಜಗಳ ಮುಗಿಯಲಿಲ್ಲ. ರಾಜ್ಯಗಳು ಸುಪ್ರೀಂ ಕೋರ್ಟಿನ ಬಾಗಿಲಲ್ಲೇ ಇವೆ. ಈ ನಡುವೆ ನೀರು ತಿರುಗಿಸಲು ಕಣಕುಂಬಿಯಲ್ಲಿ ಅಗೆದ ಕಾಲುವೆಯ ಬಗ್ಗೆ ಬಂದ ರಾಜಕಾರಣಿಗಳ ಭಾಷಣಗಳನ್ನು ಕೇಳಿ: ಅಡಿಗಲ್ಲು ಇಡಿಸಿದ್ದು ನಾವು, ಕಾಲುವೆ ಅಗೆಸಿದ್ದು ನಾವು, ಹಣ ಕೊಡಿಸಿದ್ದು ನಾವು. ‘ಇಸು’ ಪ್ರತ್ಯಯಕ್ಕೆ ಅಲ್ಲಿ ಬಿಡುವೇ ಇಲ್ಲ.