ಎತ್ತಿನ ಬೆನ್ನಿನಿಂದ ಇಳಿದ ಸ್ಯಾಕ್

ಠಾಕುರ್ಲಿ, ಡೊಂಬಿವಲಿ ಕಡೆಯ ಕನ್ನಡ ಮನೆಗಳಲ್ಲಿ ಬೆನ್ನಿಗೆ ಹಾಕುವ ಚೀಲಕ್ಕೆ ‘ಸ್ಯಾಕ್’ ಎನ್ನುತ್ತಾರೆ. ಮರಾಠಿ ನೆರೆಹೊರೆಯಿಂದ ಬಂದ ರೂಢಿ. ಮಳೆಗಾಲದ ಶನಿವಾರ ಸಂಜೆ ‘ಸ್ಯಾಕ್ ತುಂಬಿದ್ಯಾ?’ ಎಂದು ತಾಯಿ ಕೇಳಿದರೆ, ಮಗ ಸಹ್ಯಾದ್ರಿಯ ಯಾವುದೋ ಕೋಟೆಗೆ ಹೊರಟಿದ್ದಾನೆಂದೇ ಅರ್ಥ. ಈಗೀಗ ಆ ಸ್ಯಾಕ್ ಮಿಲಿಟರಿ ಮಾದರಿಯದು: ಹಸಿರು ಬಣ್ಣ, ದಪ್ಪ ಪಟ್ಟಿಗಳು, ಸೊಂಟಕ್ಕೆ ಪೌಚು. ಬರೀ ಶೋಕಿ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೊರುವ ಚೀಲದ ಹೆಸರುಗಳು ಹಿಂದಿನಿಂದಲೂ ದಂಡಿನ ಜೊತೆ ನಡೆದಿವೆ, ಅದಕ್ಕೂ ಮೊದಲು ಪ್ರಾಣಿಗಳ ಬೆನ್ನೇರಿ.

‘ಸ್ಯಾಕ್’ ಹುಟ್ಟಿದ್ದು ಪಶ್ಚಿಮ ಏಷ್ಯಾದಲ್ಲಿ. ಹೀಬ್ರೂವಿನಲ್ಲಿ ‘ಸಕ್’ ಎಂದರೆ ಒರಟು ಬಟ್ಟೆ, ಆ ಬಟ್ಟೆಯ ಧಾನ್ಯದ ಚೀಲ. ಗ್ರೀಕಿನಲ್ಲಿ ಅದು ‘ಸಾಕ್ಕೋಸ್’, ಲ್ಯಾಟಿನ್ನಿನಲ್ಲಿ ‘ಸಾಕ್ಕುಸ್’ ಆಗಿ ಯೂರೋಪಿನ ಭಾಷೆಗಳಿಗೆಲ್ಲ ಹರಡಿತು. ಜರ್ಮನರು ಕುದುರೆಗೆ ತಿನ್ನಿಸುವ ಓಟ್ಸ್ ಚೀಲಕ್ಕೆ ‘ಹಾಬರ್‌ಸಾಕ್’ ಎಂದರು. ಅದೇ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಹೋಗಿ, ಸಿಪಾಯಿಯ ರೊಟ್ಟಿ ತುಂಬುವ ‘ಹ್ಯಾವರ್‌ಸ್ಯಾಕ್’ ಆಯಿತು. ಕುದುರೆಯ ಮೇವಿನ ಚೀಲ ಸವಾರನ ಬುತ್ತಿ ಚೀಲವಾದ ಕಥೆ ಇದು. ‘ರಕ್‌ಸ್ಯಾಕ್’ನ ರಕ್ ಅಂತೂ ನೇರವಾಗಿ ಬೆನ್ನು.

‘ಸ್ಯಾಕ್’ ಇತ್ತ ಬರುವ ಮೊದಲೇ ನಮ್ಮ ‘ಗೋಣಿ’ ಅತ್ತ ಹೋಗಿತ್ತು. ಗೋಣಿ ಶಬ್ದಕ್ಕಾಗಿ ಪಾಣಿನಿ ಸೂತ್ರವನ್ನೇ ಬರೆದಿದ್ದಾನೆ, ಅಷ್ಟು ಹಳೆಯದು. ಇಂಗ್ಲಿಷರ ಬಾಯಲ್ಲಿ ಅದು ‘ಗನ್ನಿ’ ಆಯಿತು. ಗೋಣಿ ಹೊತ್ತದ್ದು ಹೇರೆತ್ತು. 1791–92ರಲ್ಲಿ ಶ್ರೀರಂಗಪಟ್ಟಣದ ಮೇಲೆ ಏರಿ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯದ ಹೊಟ್ಟೆ ತುಂಬಿಸಿದವರಲ್ಲಿ ಬಂಜಾರರೂ ಅವರ ಹೇರೆತ್ತುಗಳೂ ಸೇರಿದ್ದಾರೆ. ಇಂಥ ಹೊರೆಯ ದಾರಿ ಠಾಕುರ್ಲಿಯ ಕಡೆಯೂ ಇತ್ತು: ಪಕ್ಕದ ಕಲ್ಯಾಣ ಶಾತವಾಹನರ ಕಾಲದ ಬಂದರು. ಅಲ್ಲಿಂದ ಜುನ್ನರಿಗೆ ಸರಕು ಏರಿದ್ದು ನಾಣೇಘಾಟಿನ ಮೆಟ್ಟಿಲುಗಳಲ್ಲಿ. ಈಗ ಮುರಬಾಡ್ ದಾಟಿ ವೈಶಾಖರೆಯಲ್ಲಿ ಬಸ್ಸಿಳಿದ ಹುಡುಗರು ಅದೇ ಮೆಟ್ಟಿಲನ್ನು ಸ್ಯಾಕ್ ಹೊತ್ತು ಹತ್ತುತ್ತಾರೆ.

ದಂಡು ಈ ಚೀಲಕ್ಕೆ ಕೊಟ್ಟದ್ದು ತೂಕ ಹಂಚುವ ಕ್ರಮ. ಚರ್ಮದ ಪಟ್ಟಿಗಳ ಬದಲು ಹತ್ತಿಯ ನೇಯ್ಗೆಪಟ್ಟಿ (ವೆಬ್ಬಿಂಗ್) ಬಳಸಿ ಬ್ರಿಟಿಷರು 1908ರಲ್ಲಿ ಹೊಸ ಮಾದರಿ ತಂದರು. ಎದುರಿಗೆ ಗುಂಡಿನ ಪೌಚು, ಹಿಂದೆ ಚೀಲ, ಎಲ್ಲವೂ ಸೊಂಟಪಟ್ಟಿಗೆ ಜೋಡಣೆ. ಅಂಗಿಯಂತೆ ಒಟ್ಟಿಗೇ ತೊಡಬಹುದು, ಕಳಚಬಹುದು. ಇದರ ನಂತರ ಬಂದ 1937ರ ಮಾದರಿ ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸಿಪಾಯಿಗಳ ಹೆಗಲೇರಿತು.

ಇಂದಿನ ಸ್ಯಾಕುಗಳ ಮೈಮೇಲೆ ಕಾಣುವ ಅಡ್ಡಪಟ್ಟಿಗಳೂ ಸೇನೆಯವೇ. ಒಂದಿಂಚು ಅಗಲದ ಪಟ್ಟಿ, ಒಂದಿಂಚು ಬಿಡುವು, ಒಂದೂವರೆ ಇಂಚಿಗೊಂದು ಹೊಲಿಗೆ. ಆ ಸಂದುಗಳಲ್ಲಿ ಪೌಚಿನ ನಾಲಿಗೆಯನ್ನು ಹೆಣೆದು ಸಿಕ್ಕಿಸಿದರೆ ಅಲುಗಾಡದು. ಹಾಗೆಂದು ಕಂಡದ್ದನ್ನೆಲ್ಲ ಹೊರಗೆ ತೂಗುಹಾಕುವುದು ತಪ್ಪು. ಕಾರ್ವಿ ಪೊದೆಗಳ ನಡುವೆ ಪೌಚುಗಳು ಸಿಕ್ಕಿಕೊಳ್ಳುತ್ತವೆ. ಹತ್ತಿಯ ಹಳೆಯ ಪಟ್ಟಿಯಾದರೆ ಮಳೆನೀರು ಕುಡಿದು ಭಾರವಾಗುತ್ತದೆ; ಸಹ್ಯಾದ್ರಿಗೆ ನೈಲಾನೇ ಸರಿ. ತುಂಬಿದ ಲೋಕಲ್ ರೈಲಿನಲ್ಲಿ ಸ್ಯಾಕನ್ನು ಎದೆಗೆ ತಿರುಗಿಸಿ ನಿಲ್ಲಬೇಕಾದಾಗ ಎದೆಯ ಪೌಚುಗಳಿಗೆ ಜಾಗವೇ ಇರುವುದಿಲ್ಲ.

ಹೆಗಲ ಹಿಂದೊಂದು ಮುಂದೊಂದು ಹೊರೆ ಇಳಿಬಿಡುವ ವೆಬ್ಬಿಂಗಿನ ಉಪಾಯಕ್ಕೆ ಕನ್ನಡದಲ್ಲಿ ಹಳೆಯ ಹೆಸರಿದೆ: ಹಸಿಬೆ. ನಡುವೆ ಬಾಯಿ, ಎರಡು ಕಡೆ ಚೀಲ. ಎತ್ತಿಗೂ ಆಗುತ್ತಿತ್ತು, ಸಂತೆಗೆ ಹೊರಟವನ ಹೆಗಲಿಗೂ. ವೆಬ್ಬಿಂಗಿಗೆ ಕನ್ನಡ ಪದ ಬೇಕೆನ್ನುವವರು ಹೊಸದನ್ನು ಕಟ್ಟುವ ಮೊದಲು ಹಸಿಬೆಯನ್ನು ಎತ್ತಿಕೊಳ್ಳಲಿ.