ಹೂಳಿನ ಕಡಲಯಾತ್ರೆ

ಹುಣಸೂರಿನ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣ ಹಾಗೂ ಕೆ.ಆರ್. ನಗರದ ಕಾವೇರಿ, ಎಚ್.ಡಿ. ಕೋಟೆಯ ಕಬಿನಿ ಮಳೆಗಾಲದಲ್ಲಿ ಕೆಂಪಾಗಿ ಹರಿಯುತ್ತವೆ. ಅದು ಹೊಲಗಳ ಮೇಲ್ಮಣ್ಣಿನ ಬಣ್ಣ. ಹಿಂದೆ ಆ ಮಣ್ಣು ತಂಜಾವೂರಿನ ಬಯಲಿಗೆ ಮೆಕ್ಕಲಾಗಿ, ಉಳಿದದ್ದು ಬಂಗಾಳ ಕೊಲ್ಲಿ ಸೇರುತ್ತಿತ್ತು. ಕನ್ನಂಬಾಡಿ, ಮೆಟ್ಟೂರು (1934), ಕಬಿನಿ (1974) ಅಣೆಕಟ್ಟುಗಳು ಎದ್ದ ಮೇಲೆ ಬಹುಪಾಲು ಹೂಳು ಜಲಾಶಯಗಳಲ್ಲೇ ತಂಗುತ್ತಿದೆ.

ಕಾವೇರಿ ಕಡಲು ಸೇರುವೆಡೆ ತೈಲ, ಅನಿಲಕ್ಕಾಗಿ ಬಾವಿಗಳನ್ನು ಕೊರೆದದ್ದುಂಟು. ಇಂಥ ನದೀಮುಖಗಳಲ್ಲಿ ಹೂಳೇ ದೊಡ್ಡ ಅಪಾಯ. ಬೇಗಬೇಗನೆ ರಾಶಿಬಿದ್ದ ಮಣ್ಣಿನಿಂದ ನೀರು ಬಸಿದುಹೋಗಲು ಪುರುಸೊತ್ತಿರುವುದಿಲ್ಲ. ಕೆಸರು ಗಂಜಿಯಂತೆ ಸಡಿಲವಾಗಿಯೇ ಉಳಿಯುತ್ತದೆ. ಅಮೆರಿಕದ ಮಿಸಿಸಿಪ್ಪಿ ನದೀಮುಖದಲ್ಲಿ 1969ರ ಕಮೀಲ್ ಚಂಡಮಾರುತದ ಅಲೆಗಳಿಗೆ ಅಂಥ ಕೆಸರು ಜಾರಿ, ಹೊಸ ತೈಲ ವೇದಿಕೆಯೊಂದು ಉರುಳಿತು. ಆಮೇಲೆ ಎಂಜಿನಿಯರುಗಳು ತಳದ ಮಣ್ಣನ್ನು ಹೆಚ್ಚು ಎಚ್ಚರದಿಂದ ಪರೀಕ್ಷಿಸಿ, ಜಾರುವ ಇಳಿಜಾರುಗಳನ್ನು ತಪ್ಪಿಸಿ, ಉಕ್ಕಿನ ಕಂಬಗಳನ್ನು ಇನ್ನೂ ಆಳಕ್ಕೆ ಇಳಿಸತೊಡಗಿದರು. ಆದರೂ 2004ರಲ್ಲಿ ಐವಾನ್ ಚಂಡಮಾರುತದ ವೇಳೆ ಅಲ್ಲೇ ಮತ್ತೊಂದು ವೇದಿಕೆ ಬಿತ್ತು. ಎಣ್ಣೆ ವರ್ಷಗಟ್ಟಲೆ ಸೋರಿತು.

ಕಡಲಲ್ಲಿ ಜಾಗ ಬದಲಿಸಬಹುದು. ಸುಮಾರು 19.5 ಟಿಎಂಸಿ ಅಡಿ ನೀರಿಗೆಂದು ಕಟ್ಟಿದ ಕಬಿನಿ ಜಲಾಶಯಕ್ಕೆ ಆ ಅನುಕೂಲವಿಲ್ಲ. ಅಲ್ಲಿಗೆ ಹರಿಯುವ ಮಣ್ಣನ್ನು ಹೊಲದ ಬದುವಿನಲ್ಲೇ ತಡೆಯಬೇಕು.