ದೊಡ್ಡ ನೀಲಿ ಚಿಟ್ಟೆ: ಹುಲ್ಲುಗಾವಲಿನ ನಿರ್ವಹಣೆ ಮತ್ತು ಸಂರಕ್ಷಣೆ

ಹುಲ್ಲುಗಾವಲಿಗೆ ಬೇಲಿ ಹಾಕಿ ದನಕುರಿಗಳನ್ನು ಹೊರಗಿಟ್ಟರೆ ಅಲ್ಲಿನ ಜೀವಿಗಳು ಉಳಿಯುತ್ತವೆ ಎಂದು ನೀವು ಭಾವಿಸಿರಬಹುದು. ಇಂಗ್ಲೆಂಡಿನ ದೊಡ್ಡ ನೀಲಿ ಚಿಟ್ಟೆಯ (ಫೆಂಗಾರಿಸ್ ಏರಿಯಾನ್) ವಿಷಯದಲ್ಲಿ ಆದದ್ದು ಇದಕ್ಕೆ ವಿರುದ್ಧ. ದಾಳಿಂಬೆ ಬೆಳೆಗಾರರಿಗೆ ಹಣ್ಣು ಕೊರೆಯುವ ಚಿಟ್ಟೆ ಪರಿಚಿತವಷ್ಟೆ. ಇದೂ ಅದೇ ಕುಟುಂಬದ್ದು, ಆದರೆ ಬೆಳೆಗೆ ಹಾನಿ ಮಾಡದು.

ಇದರ ಮರಿಹುಳು ಸುಮಾರು ಮೂರು ವಾರ ಥೈಮ್ ಗಿಡದ ಹೂವನ್ನು ತಿಂದು ನೆಲಕ್ಕೆ ಬೀಳುತ್ತದೆ. ಮಿರ್ಮಿಕಾ ಸಬುಲೆಟಿ ಎಂಬ ಕೆಂಪು ಇರುವೆಯು ಅದನ್ನು ತನ್ನದೇ ಮರಿಯೆಂದು ಬಗೆದು ಗೂಡಿಗೆ ಹೊತ್ತೊಯ್ಯುತ್ತದೆ. ಅಲ್ಲಿ ಅದು ಇರುವೆಯ ಮರಿಗಳನ್ನೇ ತಿಂದು ಬೆಳೆದು, ಮುಂದಿನ ಬೇಸಿಗೆಯಲ್ಲಿ ಚಿಟ್ಟೆಯಾಗಿ ಹೊರಬರುತ್ತದೆ.

ಈ ಇರುವೆಗೆ ಬಿಸಿಲು ತಾಗುವ ಬೆಚ್ಚನೆಯ ನೆಲ, ಅಂದರೆ ಸುಮಾರು 3 ಸೆಂ.ಮೀ. ಮೀರದ ಗಿಡ್ಡ ಹುಲ್ಲು ಅಗತ್ಯ. ಚಿಟ್ಟೆ ಹಿಡಿಯುವವರನ್ನು ತಡೆಯಲು ಹಾಕಿದ ಬೇಲಿಯು ಜಾನುವಾರುಗಳನ್ನೂ ತಡೆಯಿತು. 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ರೋಗದಿಂದ ಮೊಲಗಳೂ ಸತ್ತವು. ಹುಲ್ಲು ಎತ್ತರವಾಗಿ ನೆಲ ತಂಪಾಯಿತು, ಇರುವೆ ಮರೆಯಾಯಿತು. ಥೈಮ್ ಉಳಿದಿದ್ದರೂ 1979ರಲ್ಲಿ ಚಿಟ್ಟೆ ಬ್ರಿಟನ್ನಿನಿಂದ ನಿರ್ನಾಮವಾಯಿತು. ವಿಜ್ಞಾನಿ ಜೆರೆಮಿ ಥಾಮಸ್ ಅವರು ಕಾರಣವನ್ನು ಕಂಡುಹಿಡಿದರು, ಆದರೆ ತುಸು ತಡವಾಗಿತ್ತು.

1980ರ ದಶಕದಲ್ಲಿ ಸ್ವೀಡನ್‌ನಿಂದ ತಂದು ಬಿಟ್ಟ ಈ ಚಿಟ್ಟೆಗಳು ಇಂದು ಸಾಮರ್‌ಸೆಟ್‌ನ ಇಳಿಜಾರುಗಳಲ್ಲಿ ನೆಲೆನಿಂತಿವೆ. ಅಲ್ಲಿ ಚಳಿಗಾಲ ಹಾಗೂ ವಸಂತದಲ್ಲಿ ಜಾನುವಾರುಗಳನ್ನು ಮೇಯಿಸಿ, ಥೈಮ್ ಹೂ ಬಿಡುವ ಬೇಸಿಗೆಯಲ್ಲಿ ಮಾತ್ರ ಹೊರಗೆ ಕಳುಹಿಸಲಾಗುತ್ತದೆ.